ಆಕಾಶದಲ್ಲಿ ಕುಲುಕಾಟ

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿದವರಿಗೆ ಇದು ಗೊತ್ತು. ಡ್ರೈವರ್ ಹಂಪ್ ಗಮನಿಸದೆ ಹಾರಿಸಿದರೆ ನಾವು ಸೀಟಿನಿಂದ ಗೇಣುದ್ದ ಮೇಲಿರುತ್ತೇವೆ. ಸೀಟು ಆಗಲೇ ಕೆಳಗಿಳಿದಿರುತ್ತದೆ, ಮೈ ಇನ್ನೂ ಇಳಿದಿರುವುದಿಲ್ಲ. ವಿಮಾನದಲ್ಲಿ ತಲೆ ಚಾವಣಿಗೆ ಬಡಿಯುವುದೂ ಹೀಗೆಯೇ.

2024ರ ಮೇ 21ರಂದು ಲಂಡನ್ನಿನಿಂದ ಹೊರಟ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಮೇಲೆ 37,000 ಅಡಿ ಎತ್ತರದಲ್ಲಿತ್ತು. ಅದು ಕುಸಿದದ್ದು 178 ಅಡಿ, ಹಿಡಿದದ್ದು 4.6 ಸೆಕೆಂಡು. ವಿಮಾನ ಮುರಿಯಲಿಲ್ಲ. ಬೆಲ್ಟ್ ಇಲ್ಲದವರು ಮೇಲಕ್ಕೆಸೆಯಲ್ಪಟ್ಟು, ಮರುಕ್ಷಣ ಕೆಳಗೆ ಅಪ್ಪಳಿಸಿದರು. ಪ್ರಯಾಣಿಕರೊಬ್ಬರು ತೀರಿಕೊಂಡರು, ಹತ್ತಾರು ಮಂದಿಗೆ ಗಾಯ. ಬೆಲ್ಟ್ ದೀಪ ಹತ್ತಿದ್ದು ಆ ಹೊಡೆತಕ್ಕೆ ಬರೀ 8 ಸೆಕೆಂಡು ಮುಂಚೆ. ನಿದ್ದೆಯಲ್ಲಿದ್ದವರಿಗೆ ಆ 8 ಸೆಕೆಂಡು ಯಾವ ಮೂಲೆಗೆ?

ವಿಮಾನವನ್ನು ಹೀಗೆ ಕುಲುಕುವಷ್ಟು ಗಾಳಿ ಏಕೆ ಕೆರಳುತ್ತದೆ? ಏಪ್ರಿಲ್‌ನ ಮಧ್ಯಾಹ್ನ ಅರಸೀಕೆರೆಯ ಬಯಲಿನ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದನ್ನು ನೋಡಿ. ಕಾದ ನೆಲದಿಂದೆದ್ದ ಬಿಸಿಗಾಳಿ ಅದನ್ನು ಎತ್ತುತ್ತಿರುತ್ತದೆ. ಅದೇ ಗಾಳಿ ತೇವ ಹೊತ್ತು ಗುಡುಗುಮೋಡವಾದರೆ ಒಳಗೆ ಏರುಗಾಳಿ, ಇಳಿಗಾಳಿ ಅಕ್ಕಪಕ್ಕದಲ್ಲೇ ನುಗ್ಗುತ್ತವೆ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಸಂಗಡಿಗರೊಂದಿಗೆ ಮೋಡದಂಥ ಹರಿವನ್ನು ನೀರಿನ ತೊಟ್ಟಿಯಲ್ಲೇ ಎಬ್ಬಿಸಿ, ಕಾಯಿಸಿ ಅಭ್ಯಾಸ ಮಾಡಿದ್ದರು. ಮೋಡದ ಒಳಸುಳಿಯನ್ನು ಅರಿಯುವುದು ಅಷ್ಟು ಕಷ್ಟದ ಕೆಲಸ.

ಗುಡುಗುಮೋಡವಾದರೆ ವಿಮಾನದ ಮೂತಿಯಲ್ಲಿರುವ ರಾಡಾರ್ ಮಳೆಹನಿಗಳಿಂದ ಪತ್ತೆಹಚ್ಚುತ್ತದೆ, ಪೈಲಟ್ ಬಳಸಿ ಹೋಗುತ್ತಾರೆ. ಕಾಣದ ಗಾಳಿಯದೇ ಕಷ್ಟ. ಬೇಲೂರಿನ ಯಗಚಿಯಲ್ಲಿ ನೀರು ಮುಳುಗಿದ ಬಂಡೆಯ ಮೇಲೆ ಹಾದು, ಆಚೆ ಬದಿ ಅಲೆಯಾಗಿ ನಿಲ್ಲುತ್ತದಲ್ಲ, ಬೆಟ್ಟಸಾಲು ದಾಟಿದ ಬಿರುಗಾಳಿಯೂ ಹಾಗೆಯೇ ಅಲೆಯಾಗುತ್ತದೆ. ಅಲ್ಲಿ ಹನಿಯಿಲ್ಲದಿದ್ದರೆ ರಾಡಾರಿಗೆ ಏನೂ ಕಾಣದು.

ಜಾವಗಲ್ ಬಳಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದ ಮೇಲೆ ವಿಮಾನಯಾನ ಸಾಮಾನ್ಯರ ಕೈಗೂ ಎಟುಕಿತು. ಇಂದು ತೆಂಗಿನ ತೋಟ ಬಿಟ್ಟು ಮಕ್ಕಳನ್ನು ನೋಡಲು ವಿಮಾನ ಹತ್ತುವ ಅಜ್ಜ ಅಜ್ಜಿಯರಿಗೆ ನಾನು ಹೇಳುವುದಿಷ್ಟು: ದೀಪ ಆರಿದರೂ ಬೆಲ್ಟ್ ಬಿಚ್ಚಬೇಡಿ. ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗೆ ತಾಗುವಂತೆ ಬಿಗಿದಿರಲಿ. ಮಲಗುವಾಗ ಅದು ಶಾಲಿನ ಮೇಲೆ ಕಾಣುವಂತಿದ್ದರೆ ಗಗನಸಖಿ ನಿಮ್ಮನ್ನು ಎಬ್ಬಿಸುವುದಿಲ್ಲ. ಮೊಮ್ಮಗುವನ್ನು ತೋಳಿನ ಬಲದಿಂದ ಹಿಡಿದುಕೊಳ್ಳುತ್ತೇನೆ ಎನ್ನಬೇಡಿ. ಆ ಎಳೆತಕ್ಕೆ ಯಾರ ತೋಳೂ ಸಾಲದು. ಸಾಧ್ಯವಾದರೆ ಮಗುವಿಗೂ ಸೀಟು ಕೊಂಡು, ವಿಮಾನಕ್ಕೆ ಒಪ್ಪುವ ಮಕ್ಕಳ ಆಸನದಲ್ಲಿ ಕಟ್ಟಿ ಕೂರಿಸಿ.

ಅಮೆರಿಕದ ಲೆಕ್ಕದಲ್ಲಿ 2009ರಿಂದ 2022ರವರೆಗೆ ಕುಲುಕಾಟದಲ್ಲಿ ತೀವ್ರವಾಗಿ ಗಾಯಗೊಂಡ 163 ಮಂದಿಯಲ್ಲಿ 129 ಮಂದಿ ವಿಮಾನದ ಸಿಬ್ಬಂದಿ. ನಮಗೆ ಕಾಫಿ ಕೊಡಲು ನಿಂತಿದ್ದವರೇ ಹೆಚ್ಚು ಬೀಳುತ್ತಾರೆ. ಅವರು ಬಡಿಸುವುದು ನಿಲ್ಲಿಸಿ ಕೂತರೆ ಮತ್ತೆ ಗುಂಡಿ ಒತ್ತಿ ಕರೆಯಬೇಡಿ. ನೀವೇ ನಡುದಾರಿಯಲ್ಲಿದ್ದಾಗ ಕುಲುಕಾಟ ಶುರುವಾಯಿತೋ, ನಿಮ್ಮ ಸೀಟು ಹುಡುಕುತ್ತಾ ಹೋಗಬೇಡಿ. ಹತ್ತಿರದ ಖಾಲಿ ಸೀಟು ಯಾರದ್ದಾದರೂ ಸರಿ, ಕೂತು ಬೆಲ್ಟ್ ಹಾಕಿ. ಅದೂ ಇಲ್ಲವೆಂದರೆ ನೆಲದಲ್ಲೇ ಕೂತು ಸೀಟಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.