ಹೊಗೆ ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲವೇ?

ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರು ನಮ್ಮ ಊರುಗಳಲ್ಲಿ ಬಹಳ ಮಂದಿ. ಅದನ್ನು ಸೇದಿ ಕೆಮ್ಮಿದ ಗಂಡಸರೂ ಕಡಿಮೆಯೇನಲ್ಲ. ಈಗ ಎಳೆಯರ ಕಿವಿಗೆ ಹೊಸ ಮಾತೊಂದು ಬೀಳುತ್ತಿದೆ: ‘ಇ-ಸಿಗರೇಟಿಗೆ ಹೊಗೆಯಿಲ್ಲ, ಹಾಗಾಗಿ ಹಾನಿಯೂ ಇಲ್ಲ’ ಎಂದು. ಇದರಲ್ಲಿ ನಿಜವೆಷ್ಟೆಂದು ಹೆತ್ತವರು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ ಬೀಡಿ, ಸಿಗರೇಟು. ದಮ್ಮು ಎಳೆಯುವಾಗ ಸಿಗರೇಟಿನ ತುದಿಯ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್. ಆ ಹೊಗೆಯಲ್ಲಿ 7,000ಕ್ಕೂ ಮಿಕ್ಕಿ ರಾಸಾಯನಿಕಗಳಿವೆ. ಸುಮಾರು 70 ಕ್ಯಾನ್ಸರ್ ತರುವಂಥವು. ಬೀಡಿ ಚಿಕ್ಕದೆಂದು ಸಮಾಧಾನಪಡುವಂತಿಲ್ಲ. ಅದು ಆರದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುವುದರಿಂದ ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗಿಂತ ಹೆಚ್ಚಾಗಿಯೇ ಎದೆಗಿಳಿಯುತ್ತವೆ.

ಎರಡನೆಯದು ಸುಡದೆ, ಸುಮಾರು 350 ಡಿಗ್ರಿಯವರೆಗೆ ಕಾಯಿಸುವ ಹೊಗೆಸೊಪ್ಪು. ಇದರಲ್ಲಿ ಹಲವು ವಿಷಗಳು ಕಡಿಮೆ, ನಿಜ. ಆದರೆ 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಒಂದು ಸಾಧನಕ್ಕೆ ‘ವಿಷಗಳ ಸಂಪರ್ಕ ಕಡಿಮೆ’ ಎನ್ನಲು ಒಪ್ಪಿತೇ ಹೊರತು ‘ರೋಗದ ಅಪಾಯ ಕಡಿಮೆ’ ಎನ್ನಲು ಒಪ್ಪಲಿಲ್ಲ.

ಮೂರನೆಯದು ಇ-ಸಿಗರೇಟು. ಇದರಲ್ಲಿ ಹೊಗೆಸೊಪ್ಪಿನ ಎಲೆಯಿಲ್ಲ. ಸಾಮಾನ್ಯವಾಗಿ ನಿಕೋಟಿನ್ ಮತ್ತು ಪರಿಮಳ ಬೆರೆಸಿದ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿ ಎಳೆಯುವುದು. 2019-20ರಲ್ಲಿ ಅಮೆರಿಕದಲ್ಲಿ ಇಂಥ ಸಾಧನಗಳಿಂದ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 68 ಮಂದಿ ಸತ್ತರು. ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್-ಇ ಅಸಿಟೇಟ್ ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಕೊಳವೆಯೊಳಗೆ ಏನಿದೆಯೆಂದು ಎಳೆಯುವವನಿಗೆ ಗೊತ್ತಿರುವುದಿಲ್ಲ!

ಹಾಗಾದರೆ ಮೂರೂ ಒಂದೆಯೇ? ಅಲ್ಲ. ಸುಟ್ಟು ಸೇದುವುದೇ ಅತ್ಯಂತ ಕೇಡಿನದು. ಸಿಗರೇಟು ಬಿಡಲಾರದವರು ಅದನ್ನು ಪೂರ್ತಿ ತೊರೆದು ಇ-ಸಿಗರೇಟಿಗೆ ಹೋಗಬಹುದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಆದರೆ ಆ ಮಾತು ಹಳೆಯ ಚಟಗಾರನಿಗೆ. ಎಂದೂ ಸೇದದ ಹುಡುಗನು ಇದನ್ನು ಹೋಲಿಸಬೇಕಾದುದು ಸಿಗರೇಟಿನೊಡನೆ ಅಲ್ಲ, ಶುದ್ಧ ಗಾಳಿಯೊಡನೆ. ಬೆಳೆಯುವ ಮಿದುಳಿಗೆ ನಿಕೋಟಿನ್ ಬೇಗ ಅಂಟಿಕೊಳ್ಳುತ್ತದೆ.

‘ಅದನ್ನೂ ಇದನ್ನೂ ಸ್ವಲ್ಪ ಸ್ವಲ್ಪ’ ಎನ್ನುವವರಿಗೂ ಒಂದು ಮಾತು. ದಿನಕ್ಕೆ ಒಂದೇ ಸಿಗರೇಟು ಸೇದಿದರೂ, 20 ಸೇದುವವನಿಗೆ ಹೆಚ್ಚುವ ಹೃದ್ರೋಗದ ಅಪಾಯದಲ್ಲಿ ಅರ್ಧದಷ್ಟು ಅಂಟಿಕೊಂಡೇ ಇರುತ್ತದೆಯೆಂದು 2018ರ ಸಂಶೋಧನೆಯೊಂದು ತೋರಿಸಿತು.

ನಮ್ಮ ದೇಶದಲ್ಲಿ 2019ರ ಕಾನೂನು ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಕಾಯಿಸುವ ಸಾಧನವೂ ಅದರಲ್ಲಿ ಸೇರಿದೆ. ಆದರೂ ಇವು ಪೆನ್ನಿನಂತೆ, ಪೆನ್‌ಡ್ರೈವಿನಂತೆ ಇರುವುದರಿಂದ ಕಣ್ಣಿಗೆ ಬಿದ್ದರೂ ಗುರುತು ಸಿಗಲಿಕ್ಕಿಲ್ಲ. ಮಕ್ಕಳ ಚೀಲದಲ್ಲಿ ಹಣ್ಣಿನ ಪರಿಮಳದ ಅಂಥ ವಸ್ತು ಕಂಡರೆ ಹೊಡೆಯಬೇಡಿ, ಕುಳ್ಳಿರಿಸಿ ಕೇಳಿ.

ಸೇದುವ ಹಿರಿಯರು ನಿರಾಶರಾಗಬೇಕಿಲ್ಲ. ಬ್ರಿಟಿಷ್ ವೈದ್ಯರನ್ನು 50 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ವರದಿಯಂತೆ, ಸೇದುವವರು ಸರಾಸರಿ 10 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. 40ರಲ್ಲಿ ಬಿಟ್ಟರೆ ಅದರಲ್ಲಿ 9 ವರ್ಷ, 60ರಲ್ಲಿ ಬಿಟ್ಟರೂ 3 ವರ್ಷ ಮರಳಿ ಸಿಗುತ್ತದೆ. ಬಿಡಲು ನೆರವು ಬೇಕಾದವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಇದೆ. ಅಪ್ಪ ಬೀಡಿ ಬಿಟ್ಟ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳುವುದೂ ಸುಲಭ.