ಜಾತ್ರೆಯ ತೊಟ್ಟಿಲಿನಿಂದ ರೋಲರ್ ಕೋಸ್ಟರ್‌ವರೆಗೆ: ಒಬ್ಬ ಫ್ಯಾಬ್ರಿಕೇಟರ್‌ನ ಯುರೋಪ್ ಪ್ರವಾಸ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋಗಿಬಂದ ಸದಸ್ಯ ಬಾಂಧವರಿಗೆ ಅಲ್ಲಿಯ ಗಂಗಾಕೊಳದ ವಿಚಾರವನ್ನು ಹೇಳಬೇಕಾಗಿಲ್ಲ. ಕೊಳದ ಬಳಿ ಕುಳಿತು ಪ್ರಾರ್ಥಿಸಿದವರಿಗೆ ಹೂವು, ಕಾಯಿ, ಎಲೆ-ಅಡಿಕೆಗಳು ನೀರಿನೊಳಗಿನಿಂದ ಮೇಲೆದ್ದು ಪ್ರಸಾದವಾಗಿ ದೊರೆಯುತ್ತವೆ ಎಂಬುದು ಭಕ್ತರ ನಂಬಿಕೆ. ಆ ಕ್ಷೇತ್ರಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಘಟಕವಿದೆ. ಟ್ರ್ಯಾಕ್ಟರ್ ಟ್ರೇಲರ್, ಅಡಿಕೆ ಸುಲಿಯುವ ಯಂತ್ರದ ಚೌಕಟ್ಟು, ಗೇಟು, ಶೆಡ್ಡಿನ ಟ್ರಸ್ - ಇವು ನಮ್ಮ ನಿತ್ಯದ ಕೆಲಸಗಳು. 2023ರ ಮಾರ್ಚಿನಲ್ಲಿ ಒಬ್ಬ ಗುತ್ತಿಗೆದಾರರು ಪೂಜೆ ಮುಗಿಸಿಕೊಂಡು ನೇರವಾಗಿ ಘಟಕಕ್ಕೆ ಬಂದರು. ನಾಯಕನಹಟ್ಟಿ, ಹಿರಿಯೂರು ಮೊದಲಾದ ಕಡೆಯ ಜಾತ್ರೆಗಳಲ್ಲಿ ತಿರುಗು ತೊಟ್ಟಿಲು ಹಾಕುವವರು ಅವರು. "ಕೊಳದಾಗೆ ಕಾಯಿ ಬಂದೈತೆ ಯಜಮಾನ್ರೇ. ಹತ್ತು ತೊಟ್ಟಿಲಿಂದು ಹೊಸದೊಂದು ನೀವೇ ಮಾಡಿಕೊಡ್ಬೇಕು" ಎಂದರು. ಮೊತ್ತವೂ ಒಳ್ಳೆಯದೇ ಇತ್ತು. ನಾನು ಮಾತ್ರ ಆಗಲಿ ಎನ್ನಲಿಲ್ಲ. ಆಗದು ಎಂದೂ ಹೇಳಲಿಲ್ಲ.

ಅದಕ್ಕೆ ಕಾರಣವುಂಟು. ಅದಕ್ಕೂ ಎಂಟು ವರ್ಷ ಮೊದಲು ಒಂದು ಜಾತ್ರೆಯ ಹಿಂದಿನ ರಾತ್ರಿ ಬೇರೊಬ್ಬರ ತೊಟ್ಟಿಲಿನ ಕೊಕ್ಕೆಯೊಂದು ರಿಪೇರಿಗೆ ಬಂದಿತ್ತು. ಹಳೆಯ ಬೆಸುಗೆಯನ್ನು ಗ್ರೈಂಡರ್ ಹಿಡಿದು ಪೂರ್ತಿ ತೆಗೆಯುವಷ್ಟು ವ್ಯವಧಾನವಿರಲಿಲ್ಲ. ಅದರ ಮೇಲೆಯೇ ಇನ್ನೊಂದು ಪದರ ಹರಿಸಿ, ಬಣ್ಣ ಬಳಿದು ಕಳುಹಿಸಿದೆ. ಎರಡನೆಯ ದಿನ ಕೊಕ್ಕೆ ಮುರಿಯಿತು. ತೊಟ್ಟಿಲು ನೆಲದ ಸಮೀಪಕ್ಕೆ ಬಂದಿದ್ದರಿಂದ ಜೀವಹಾನಿಯಾಗಲಿಲ್ಲ; ಒಬ್ಬ ಹುಡುಗನ ಕೈಮೂಳೆ ಮುರಿಯಿತು. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ. ಯಾರೂ ದೂರು ಕೊಡಲಿಲ್ಲ, ಬೆಸುಗೆ ಯಾರದೆಂದು ಯಾರೂ ಕೇಳಲಿಲ್ಲ. ಮುರಿದ ತುಂಡು ನನ್ನ ಮೇಜಿನ ಖಾನೆಯಲ್ಲಿದೆ. ಅದರ ಒಡಕಿನ ಮುಖದಲ್ಲಿ ಅರ್ಧಭಾಗ ಹೊಸದಾಗಿ ಹೊಳೆಯುತ್ತದೆ, ಇನ್ನರ್ಧ ತುಕ್ಕು ಹಿಡಿದಿದೆ. ನಾನು ಬೆಸುಗೆ ಹಾಕುವ ಮೊದಲೇ ಬಿರುಕು ಒಳಗಿತ್ತು ಎಂದು ಅದರ ಅರ್ಥ.

ಈ ಹಿನ್ನೆಲೆಯಲ್ಲಿ, ಫ್ರಾಂಕ್‌ಫರ್ಟ್ ಸಮೀಪ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ, "ಮಾವ, ನೀವು ಹೇಗೂ ಬರ್ತೀನಿ ಅಂತಿದ್ರಿ. ಮೇ ತಿಂಗಳಲ್ಲಿ ಬನ್ನಿ, ಕಾರಿನಲ್ಲೇ ಸುತ್ತಾಡಿ ರೋಲರ್ ಕೋಸ್ಟರ್ ಹತ್ತೋಣ" ಎಂದಾಗ, ವಿನೋದವೆಂದು ಅವನು ತಿಳಿದದ್ದನ್ನು ನಾನು ಕೆಲಸವೆಂದು ಒಪ್ಪಿಕೊಂಡೆ. ಆರು ದಿನಗಳ ಪ್ರಯಾಣ. ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು ಒಯ್ದಿದ್ದೆನಾದರೂ ಅಳಿಯ ನನ್ನ ಕೈಗೆ ಸ್ಟೇರಿಂಗ್ ಕೊಟ್ಟದ್ದು ಎರಡೇ ಗಂಟೆ.

ಬಾಯ್ಲರ್ ಸಿಡಿದ ಊರು

ದಕ್ಷಿಣಕ್ಕೆ ಹೊರಟ ಹೆದ್ದಾರಿಯಲ್ಲಿ ಒಂದು ಗಂಟೆಯೊಳಗೆ ಮಾನ್‌ಹೈಮ್ ನಗರದ ಫಲಕ ಕಾಣಿಸಿತು. ಅಲ್ಲಿ ಯಾವ ಆಟದ ಉದ್ಯಾನವನ್ನೂ ನಾವು ನೋಡಲಿಲ್ಲ. ಆದರೂ ಈ ಪತ್ರಿಕೆಯ ಓದುಗರು ತಿಳಿಯಬೇಕಾದ ಊರು ಅದೇ ಎಂದು ನನ್ನ ಅಭಿಪ್ರಾಯ.

1865ರಲ್ಲಿ ಅಲ್ಲಿಯ ಬಿಯರ್ ಕಾರ್ಖಾನೆಯೊಂದರ ಉಗಿ ಬಾಯ್ಲರ್ ಸಿಡಿಯಿತು. ಮರುವರ್ಷ, 1866ರ ಜನವರಿಯಲ್ಲಿ, ಸುಮಾರು ಇಪ್ಪತ್ತು ಮಂದಿ ಬಾಯ್ಲರ್ ಮಾಲೀಕರು ಸೇರಿ ತಮ್ಮ ಬಾಯ್ಲರ್‌ಗಳನ್ನು ತಾವೇ ನೇಮಿಸಿದ ತಜ್ಞರಿಂದ ಪರೀಕ್ಷಿಸಿಕೊಳ್ಳುವ ಸಂಘವೊಂದನ್ನು ಕಟ್ಟಿದರು. ಮುಂದೆ ಇಂಥ ಸಂಘಗಳು ಜರ್ಮನಿಯ ಬೇರೆ ಪ್ರಾಂತಗಳಲ್ಲೂ ಹುಟ್ಟಿದವು. ಇಂದು ಟ್ಯೂಫ್ ಎಂಬ ಹೆಸರಿನಲ್ಲಿ ಲಿಫ್ಟು, ಕಾರು, ಕ್ರೇನು, ರೋಲರ್ ಕೋಸ್ಟರ್‌ಗಳನ್ನು ಪರೀಕ್ಷಿಸುವ ಬೃಹತ್ ಸಂಸ್ಥೆಗಳ ಮೂಲ ಅದು. ನಮ್ಮ ದೇಶದಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1863ರಲ್ಲಿ, ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. 1864ರಲ್ಲಿ ಬಂಗಾಳ ಸರ್ಕಾರ ಕಾಯ್ದೆ ತಂದಿತು, ಇನ್‌ಸ್ಪೆಕ್ಟರ್‌ಗಳು ಬಂದರು. ಇನ್‌ಸ್ಪೆಕ್ಟರ್ ಎಂದೊಡನೆ ನಾವು ವ್ಯಾಪಾರಸ್ಥರು ಕುರ್ಚಿಯಿಂದ ಎದ್ದು ನಿಲ್ಲುವ ಅಭ್ಯಾಸ ಎಲ್ಲಿಂದ ಬಂತೆಂದು ಆ ದಾರಿಯಲ್ಲಿ ಬಹಳ ಹೊತ್ತು ಯೋಚಿಸಿದೆ. ಮಾನ್‌ಹೈಮ್‌ನ ಇನ್‌ಸ್ಪೆಕ್ಟರ್‌ಗೆ ಸಂಬಳ ಕೊಟ್ಟವರು ಮಾಲೀಕರೇ ಆಗಿದ್ದರು.

ಗಾಡಿ ಕಟ್ಟುವವರ ಮನೆತನ

ಫ್ರಾನ್ಸಿನ ಗಡಿಯಲ್ಲಿರುವ ರುಸ್ಟ್ ಎಂಬುದು ಕೆಲವೇ ಸಾವಿರ ಜನಸಂಖ್ಯೆಯ ಹಳ್ಳಿ. ಅಲ್ಲಿಯ ಯುರೋಪಾ-ಪಾರ್ಕ್‌ಗೆ ವರ್ಷಕ್ಕೆ ಐವತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಪ್ರವೇಶ ದರ ಆಗ ತಲೆಗೆ ಅರುವತ್ತು ಯೂರೋ ಆಸುಪಾಸು, ಎಂದರೆ ಐದು ಸಾವಿರ ರೂಪಾಯಿಗೂ ಮೇಲೆ. ಟಿಕೆಟ್ ಕೈಗೆ ಬಂದಾಗ ಇದರಲ್ಲಿ ಎಷ್ಟು ಕಿಲೋ ಕಬ್ಬಿಣ ಬರುತ್ತಿತ್ತೆಂದು ಲೆಕ್ಕ ಹಾಕಿದ್ದನ್ನು ಅಳಿಯನಿಗೆ ಹೇಳಲಿಲ್ಲ.

ಈ ಉದ್ಯಾನದ ಮಾಲೀಕರಾದ ಮ್ಯಾಕ್ ಮನೆತನದವರು ಮೂಲತಃ ಗಾಡಿ ಕಟ್ಟುವವರು. ರುಸ್ಟ್‌ನಿಂದ ಸುಮಾರು ಮೂವತ್ತು ಕಿ.ಮೀ. ದೂರದ ವಾಲ್ಡ್‌ಕಿರ್ಶ್ ಪಟ್ಟಣದಲ್ಲಿ 1780ರಿಂದ ಕುದುರೆಗಾಡಿ ತಯಾರಿಸುತ್ತಿದ್ದರು. ಆ ಪಟ್ಟಣ ಜಾತ್ರೆಗಳಲ್ಲಿ ನುಡಿಸುವ ದೊಡ್ಡ ಆರ್ಗನ್ ವಾದ್ಯಗಳಿಗೆ ಹೆಸರಾದದ್ದು. ವಾದ್ಯ ಸಾಗಿಸಲು ಗಾಡಿ, ಸರ್ಕಸ್ಸಿನವರಿಗೆ ಗಾಡಿ, ಬಳಿಕ ಜಾತ್ರೆಯ ಆಟಗಳು - ಹೀಗೆ ಗಿರಾಕಿಯನ್ನು ಅನುಸರಿಸಿಯೇ ಕಸುಬು ಬೆಳೆದುಬಂತು. ತಯಾರಿಸಿದ ಆಟಗಳನ್ನು ಕೊಳ್ಳುವವರಿಗೆ ತೋರಿಸಲು ಒಂದು ಸ್ಥಳ ಬೇಕೆಂದು 1975ರಲ್ಲಿ ಈ ಉದ್ಯಾನವನ್ನು ತೆರೆದರು. ನಾವು ಘಟಕದ ಮುಂದೆ ಎರಡು ಟ್ರೇಲರ್ ನಿಲ್ಲಿಸಿಕೊಳ್ಳುವುದಿಲ್ಲವೆ, ಹಾಗೆಯೇ. ಷೋರೂಮನ್ನು ನೋಡಲು ಜನರೇ ಹಣ ಕೊಟ್ಟು ಬರುವಂತಾದದ್ದು ಅವರ ಭಾಗ್ಯ ಮತ್ತು ಜಾಣ್ಮೆ.

ನಾವು ಮೊದಲು ಹತ್ತಿದ ಸಿಲ್ವರ್ ಸ್ಟಾರ್ ಎಂಬ ಕೋಸ್ಟರ್ 2002ರದು. ಎತ್ತರ 73 ಮೀಟರ್, ಸುಮಾರು 240 ಅಡಿ. ನಮ್ಮ ವಾಣಿವಿಲಾಸ ಸಾಗರದ ಪೂರ್ಣ ನೀರಿನ ಮಟ್ಟ 130 ಅಡಿ ಎಂದು ನೆನೆದರೆ ಅಂದಾಜು ಸಿಗುತ್ತದೆ. ಸ್ವಾರಸ್ಯವೆಂದರೆ ಇದನ್ನು ಮ್ಯಾಕ್‌ನವರು ತಾವು ತಯಾರಿಸಲಿಲ್ಲ. ಅಷ್ಟು ಎತ್ತರದ ಕೆಲಸದಲ್ಲಿ ಪಳಗಿದ ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಲಾರ್ ಎಂಬ ಕಂಪನಿಗೆ ಕೊಟ್ಟರು. ಅದು 1988ರಲ್ಲಿ ಇಬ್ಬರು ಎಂಜಿನಿಯರುಗಳು ಆರಂಭಿಸಿದ ಸಂಸ್ಥೆ. ತಮ್ಮ ಅಂಗಳದಲ್ಲೇ ಪ್ರತಿಸ್ಪರ್ಧಿಯ ಯಂತ್ರವನ್ನು ನಿಲ್ಲಿಸಿಕೊಳ್ಳಲು ದೊಡ್ಡ ಮನಸ್ಸು ಬೇಕು.

ಬಂಡಿಗೆ ಎಂಜಿನ್ ಇಲ್ಲ. ಚೈನು ಅದನ್ನು ತುದಿಗೆ ಎಳೆದು ಬಿಡುತ್ತದೆ, ಮುಂದಿನದೆಲ್ಲ ಇಳಿಜಾರಿನ ಕೆಲಸ. ಏರುವಾಗ ಕೇಳುವ ಟಕಟಕ ಸದ್ದನ್ನು ಭಯ ಹುಟ್ಟಿಸಲು ಇಟ್ಟಿದ್ದಾರೆಂದು ಹಲವರು ತಿಳಿದಿರುತ್ತಾರೆ. ಚೈನು ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಹಲ್ಲುಪಟ್ಟಿಗೆ ಬೀಳುವ ನಾಲಿಗೆಯ ಸದ್ದು ಅದು. ತುದಿಯಲ್ಲಿ ಒಂದು ಕ್ಷಣ ಎಲ್ಲವೂ ನಿಂತಂತಾಯಿತು. ದೂರದಲ್ಲಿ ಹೊಲಗಳು, ಚರ್ಚಿನ ಗೋಪುರ. ಬಳಿಕ ಗಂಟೆಗೆ ಸುಮಾರು 130 ಕಿ.ಮೀ. ವೇಗ. ಪ್ರತಿ ದಿಬ್ಬದ ಮೇಲೂ ಮೈ ಆಸನವನ್ನು ಬಿಟ್ಟು ಏಳುತ್ತದೆ. ನಾನು ಕೂಗಿದೆನೆಂದು ಅಳಿಯ ಹೇಳುತ್ತಾನೆ, ನನಗೆ ನೆನಪಿಲ್ಲ. ಇಳಿದ ಮೇಲೆ ಕಾಲು ನಡುಗುತ್ತಿದ್ದರೂ ಬೇಲಿಯ ಪಕ್ಕ ನಿಂತು ಚಕ್ರಗಳನ್ನು ನೋಡಿದೆ. ಹಳಿಯ ಮೇಲೊಂದು, ಬದಿಗೊಂದು, ಕೆಳಗೊಂದು - ಮೂರು ಕಡೆಯಿಂದ ಹಳಿಯನ್ನು ತಬ್ಬಿ ಹಿಡಿದಿರುತ್ತವೆ. ಬಂಡಿ ಮೇಲಕ್ಕೆ ಹಾರಲು ಹೋದಾಗ ಭಾರ ಹೊರುವುದು ಕೆಳಗಿನ ಚಕ್ರ. ಬ್ರೇಕಿನ ವಿಚಾರವನ್ನು ನಮ್ಮ ಲಾರಿ ಮಾಲೀಕರು ಸುಲಭವಾಗಿ ಗ್ರಹಿಸುವರು. ಲಾರಿಯ ಹ್ಯಾಂಡ್ ಬ್ರೇಕಿನಂತೆ ಹಲವು ಕೋಸ್ಟರ್‌ಗಳಲ್ಲೂ ಸ್ಪ್ರಿಂಗ್ ಬ್ರೇಕನ್ನು ಬಿಗಿಯುತ್ತದೆ, ಗಾಳಿಯ ಒತ್ತಡ ಅದನ್ನು ಸಡಿಲಿಸುತ್ತದೆ. ಗಾಳಿ ಸೋರಿದರೆ, ಕರೆಂಟ್ ಹೋದರೆ, ಬಂಡಿ ನಿಲ್ಲುತ್ತದೆ. ನಮ್ಮ ಜಾತ್ರೆಯ ತೊಟ್ಟಿಲಿನಲ್ಲಿ ಡೀಸೆಲ್ ಎಂಜಿನ್ನಿನ ಪಕ್ಕ ಒಬ್ಬ ಹುಡುಗ ಮರದ ತುಂಡನ್ನು ಒತ್ತಿ ಚಕ್ರ ನಿಲ್ಲಿಸುವುದನ್ನು ನಾನು ಕಂಡಿದ್ದೇನೆ. ಅವನು ಟೀ ಕುಡಿಯಲು ಹೋದಾಗ ಬ್ರೇಕೂ ಅವನೊಡನೆ ಹೋಗುತ್ತದೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ಹೊರಗೆ ನಿಂತೆವು. ಬಂಡಿಗಳು ಖಾಲಿಯಾಗಿ ಸುತ್ತುತ್ತಿದ್ದವು. ಆ ಖಾಲಿ ಸುತ್ತುಗಳಿಗೆ ಯಾರೂ ಟಿಕೆಟ್ ಕೊಡುವುದಿಲ್ಲ.

ಪರೀಕ್ಷಾ ಪುಸ್ತಕ

ಉತ್ತರಕ್ಕೆ ತಿರುಗಿ ಕಲೋನ್ ಸಮೀಪದ ಬ್ರ್ಯೂಲ್ ಪಟ್ಟಣಕ್ಕೆ ಹೊರಟಾಗ ದಾರಿಯ ಚಿಕ್ಕ ಊರೊಂದರಲ್ಲಿ ಜಾತ್ರೆ ನಡೆದಿತ್ತು. ಒಂದು ತಿರುಗು ಕುದುರೆ, ಒಂದು ಚಿಕ್ಕ ತೊಟ್ಟಿಲು, ಸಾಸೇಜ್ ಅಂಗಡಿಗಳು. ತೊಟ್ಟಿಲಿನ ಮಾಲೀಕನೊಡನೆ ಅಳಿಯ ಜರ್ಮನ್ ಭಾಷೆಯಲ್ಲಿ ಮಾತಿಗಿಳಿದು, ನಾನು ಅದೇ ಕಸುಬಿನವನೆಂದು ಹೇಳಿದ. ಆ ಮನುಷ್ಯ ಒಳಗಿನಿಂದ ದಪ್ಪನೆಯ ಪುಸ್ತಕವೊಂದನ್ನು ತಂದು ಮುಂದಿಟ್ಟ. ಅಲ್ಲಿ ಊರೂರು ತಿರುಗುವ ಇಂಥ ಆಟಕ್ಕೆ ಪರೀಕ್ಷಾ ಪುಸ್ತಕವಿಲ್ಲದೆ ಅನುಮತಿಯಿಲ್ಲ. ನಕ್ಷೆ, ಭಾರದ ಲೆಕ್ಕ, ಕಾಲಕಾಲದ ತಪಾಸಣೆ, ಕಂಡ ದೋಷ, ಎಲ್ಲವೂ ಅದರಲ್ಲಿ ದಾಖಲು. ಊರಿಗೆ ಬಂದಾಗ ಅಲ್ಲಿಯ ಕಟ್ಟಡ ಇಲಾಖೆಗೆ ತಿಳಿಸಬೇಕು, ಅವರು ಬಂದು ನೋಡಿದರೆ ಅದನ್ನೂ ಬರೆಯಬೇಕು. "ತೊಟ್ಟಿಲು ಮಾರುವಾಗ ಪುಸ್ತಕವನ್ನೂ ಜೊತೆಗೇ ಕೊಡುತ್ತೇವೆ. ಪುಸ್ತಕ ಕಳೆದರೆ ತೊಟ್ಟಿಲು ಗುಜರಿ" ಎಂದನಂತೆ. ನಾನು ಹಾಳೆ ತಿರುವಿದೆ, ಭಾಷೆ ತಿಳಿಯಲಿಲ್ಲ. ಸಹಿಗಳು ಮಾತ್ರ ಕಾಣುತ್ತಿದ್ದವು. ನನ್ನ ಆ ರಾತ್ರಿಯ ಬೆಸುಗೆಗೆ ಸಹಿ ಹಾಕು ಎಂದು ಯಾರಾದರೂ ಹಾಳೆಯೊಂದನ್ನು ಮುಂದೆ ಹಿಡಿದಿದ್ದರೆ ಗ್ರೈಂಡರ್ ಎತ್ತಿಕೊಳ್ಳುತ್ತಿದ್ದೆನೆಂದು ಅಲ್ಲಿ ನಿಂತಾಗ ಅನ್ನಿಸಿತು.

ಬ್ರ್ಯೂಲ್‌ನ ಫ್ಯಾಂಟೇಸಿಯಾಲ್ಯಾಂಡ್ 1967ರಲ್ಲಿ ತೆರೆದದ್ದು. ಸುತ್ತಲೂ ಮನೆಗಳಿರುವುದರಿಂದ ಎತ್ತರಕ್ಕೆ ಕಟ್ಟುವಂತಿಲ್ಲ. ಆದ್ದರಿಂದ ನೆಲವನ್ನು ಅಗೆದು ಕಣಿವೆಗಳನ್ನು ಮಾಡಿ ಕೋಸ್ಟರ್‌ಗಳನ್ನು ಅದರೊಳಗೆ ಹರಿಸಿದ್ದಾರೆ. 2016ರ ಟಾರೊನ್ ಎಂಬುದು ಬಂಡೆಗಳ ನಡುವೆ 117 ಕಿ.ಮೀ. ವೇಗದಲ್ಲಿ ತನ್ನದೇ ಹಳಿಯನ್ನು ನೂರಕ್ಕೂ ಹೆಚ್ಚು ಕಡೆ ದಾಟುತ್ತದೆ. ಚಿತ್ರದುರ್ಗದ ಕೋಟೆಯ ಬಂಡೆಗಳ ಸಂದಿನಲ್ಲಿ ಯಾರೋ ತಳ್ಳಿ ಓಡಿಸಿದಂತಿತ್ತು.

ನೇಗಿಲಿನವರು, ಕಥೆಯ ಕಾಡಿನವರು

ನೆದರ್‌ಲ್ಯಾಂಡ್ಸ್ ಗಡಿ ದಾಟಿದ್ದು ತಿಳಿಯಲೇ ಇಲ್ಲ. ದಾಟಿದೊಡನೆ ಸಿಗುವ ವ್ಲೊಡ್ರಾಪ್ ಎಂಬ ಹಳ್ಳಿಯಲ್ಲಿ ವೆಕೊಮಾ ಕಂಪನಿಯಿದೆ. 1926ರಲ್ಲಿ ಕೃಷಿ ಉಪಕರಣ ತಯಾರಿಸಲು ಆರಂಭವಾದ ಘಟಕವಿದು. ಬಳಿಕ ಕಲ್ಲಿದ್ದಲು ಗಣಿಗಳಿಗೆ ಉಕ್ಕಿನ ಕಟ್ಟಡಗಳನ್ನು ಮಾಡಿಕೊಟ್ಟರು. 1965ರ ನಂತರ ಅಲ್ಲಿಯ ಗಣಿಗಳು ಒಂದೊಂದಾಗಿ ಮುಚ್ಚಿದಾಗ ಗಿರಾಕಿಯೇ ಇಲ್ಲದಂತಾಗಿ, ಪೆಟ್ರೋಕೆಮಿಕಲ್ ಉದ್ಯಮಕ್ಕೆ ಕೊಳವೆ ಬಗ್ಗಿಸುವ ಕೆಲಸ ಹಿಡಿದರು. ಕೊಳವೆಯನ್ನು ಬೇಕಾದಂತೆ ಬಗ್ಗಿಸಿ ಬೆಸೆಯಬಲ್ಲವನು ಕೋಸ್ಟರ್‌ನ ಹಳಿಯನ್ನೂ ಮಾಡಬಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಂಪನಿಗಾಗಿ ಹಳಿ ತಯಾರಿಸುತ್ತ, ಮುಂದೆ ತಮ್ಮದೇ ಕೋಸ್ಟರ್‌ಗಳನ್ನು ಮಾಡಿದರು. ಇವರ ಬೂಮರಾಂಗ್ ಎಂಬ ಮಾದರಿ ಐವತ್ತಕ್ಕೂ ಹೆಚ್ಚು ಮಾರಾಟವಾಗಿದೆ. 2018ರಲ್ಲಿ ಜಪಾನಿನ ಸಾನ್ಸೆ ಕಂಪನಿ ಇದನ್ನು ಕೊಂಡಿತು. ನಾವು ಗೇಟಿನ ಹೊರಗೆ ಕಾರು ನಿಲ್ಲಿಸಿ ನೋಡಿದ್ದಷ್ಟೆ. ಮೊದಲೇ ಅನುಮತಿ ಕೇಳಿರಲಿಲ್ಲ. "ಇದನ್ನು ನೋಡೋಕೆ ಇಷ್ಟು ದೂರ ಬಂದ್ವಾ ಮಾವ?" ಎಂದು ಅಳಿಯ ನಕ್ಕ. ಗಣಿಯ ಲಾರಿಗಳು ನಿಂತುಹೋದಾಗ ನಮ್ಮ ಜಿಲ್ಲೆಯ ಎಷ್ಟು ವರ್ಕ್‌ಶಾಪುಗಳ ಬಾಗಿಲು ಮುಚ್ಚಿತೆಂದು ಅವನಿಗೇನು ಗೊತ್ತು.

ಇದೇ ವೆಕೊಮಾ 1981ರಲ್ಲಿ ಮಾಡಿದ ಪೈಥಾನ್ ಎಂಬ ಕೋಸ್ಟರನ್ನು ಕಾಟ್ಸ್‌ಹ್ಯೂವೆಲ್‌ನ ಎಫ್ಟೆಲಿಂಗ್ ಉದ್ಯಾನದಲ್ಲಿ ಹತ್ತಿದೆವು. 2018ರಲ್ಲಿ ಅದರ ಹಳಿಯ ಬಹುಭಾಗವನ್ನು ಬಿಚ್ಚಿ ಹೊಸದಾಗಿ ಹಾಕಿದ್ದಾರೆ. ಎಫ್ಟೆಲಿಂಗ್ ಒಂದು ಪ್ರತಿಷ್ಠಾನದ ಒಡೆತನದ್ದು. 1952ರಲ್ಲಿ ಅಜ್ಜಿಕಥೆಗಳ ಕಾಡಾಗಿ ತೊಡಗಿತು. ಅಲ್ಲಿಯ ಕಸದ ತೊಟ್ಟಿ ದಪ್ಪ ಮನುಷ್ಯನ ಬಾಯಿ. ಕಾಗದ ಹಿಡಿದರೆ ಗಾಳಿಯೊಡನೆ ಎಳೆದುಕೊಂಡು ವಂದನೆ ಹೇಳುತ್ತದೆ. ಮಕ್ಕಳು ನೆಲದ ಕಾಗದವನ್ನು ಹುಡುಕಿ ತಂದು ತಿನ್ನಿಸುತ್ತಾರೆ. ನಮ್ಮ ಸಂತೆಮೈದಾನಕ್ಕೂ ಒಂದು ಬೇಕಿತ್ತು.

ಇಂಥ ಉದ್ಯಮ ನಮ್ಮಲ್ಲಿ ಇಲ್ಲವೆಂದಲ್ಲ. 1977ರಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸುವ ಸಣ್ಣ ಘಟಕವಾಗಿ ಕೇರಳದಲ್ಲಿ ಹುಟ್ಟಿದ ವಿ-ಗಾರ್ಡ್‌ನ ಸ್ಥಾಪಕರು 2000ದಲ್ಲಿ ಕೊಚ್ಚಿಯಲ್ಲಿ, 2005ರಲ್ಲಿ ನಮ್ಮ ಬಿಡದಿಯ ಬಳಿ ಉದ್ಯಾನ ತೆರೆದರು. ಬಿಡದಿಯ ವಂಡರ್‌ಲಾವನ್ನು ಸದಸ್ಯರು ಕುಟುಂಬಸಮೇತ ಕಂಡೇ ಇರುತ್ತೀರಿ. ನನ್ನ ಚಿಂತೆ ಅಲ್ಲಿಗೆ ಹೋಗಲಾರದೆ ಜಾತ್ರೆಯ ತೊಟ್ಟಿಲಿಗೆ ಇಪ್ಪತ್ತು ಮೂವತ್ತು ರೂಪಾಯಿ ಕೊಡುವ ಮಕ್ಕಳದ್ದು.

ಊರಿಗೆ ಮರಳಿ ಗುತ್ತಿಗೆದಾರರಿಗೆ ದರಪಟ್ಟಿ ಬರೆದೆ. ಸ್ಪ್ರಿಂಗ್ ಬ್ರೇಕ್, ಎಂಜಿನಿಯರ್ ಸಹಿಯ ಭಾರದ ಲೆಕ್ಕ, ಒಂದು ಪುಸ್ತಕ, ಪ್ರತಿ ಜಾತ್ರೆಗೆ ಮೊದಲು ಒಂದು ದಿನದ ತಪಾಸಣೆ. ಮೊತ್ತ ನೋಡಿ ಅವರು ಮಾತನಾಡದೆ ಎದ್ದುಹೋದರು. ಹೊಸ ತೊಟ್ಟಿಲಿನ ಆರ್ಡರ್ ಬೇರೆ ಊರಿಗೆ ಹೋಯಿತೆಂದು ಕೇಳಿದೆ. ಸತ್ಯವಾಗಿ ಹೇಳುವುದಾದರೆ ಆ ತಿಂಗಳ ಬ್ಯಾಂಕಿನ ಕಂತು ಕಟ್ಟುವಾಗ ನನಗೆ ವ್ಯಥೆಯಾಯಿತು.

ಆರೇಳು ತಿಂಗಳ ಬಳಿಕ ಅವರೇ ತಮ್ಮ ಹಳೆಯ ತೊಟ್ಟಿಲಿನ ಹತ್ತು ಜೊತೆ ಕೊಕ್ಕೆಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. "ಅದೇನೋ ಪರೀಕ್ಷೆ ಅಂದಿದ್ರಲ್ಲ, ಮಾಡಿ" ಎಂದರು. ಬೆಸುಗೆಯ ಬಿರುಕು ಹುಡುಕುವ ಡೈ ಪೆನಿಟ್ರೆಂಟ್ ಡಬ್ಬಿಗಳನ್ನು ಬೆಂಗಳೂರಿನಿಂದ ತರಿಸಿಟ್ಟಿದ್ದೆ. ಬಣ್ಣ ಕೆರೆದು, ಉಜ್ಜಿ, ಕೆಂಪು ದ್ರವ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಒರೆಸಬೇಕು. ಅದರ ಮೇಲೆ ಸುಣ್ಣದಂಥ ಬಿಳಿ ಲೇಪ. ಒಳಗೆ ಬಿರುಕಿದ್ದರೆ ಅದರಲ್ಲಿ ಉಳಿದ ಕೆಂಪು, ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ನಾವಿಬ್ಬರೂ ಉಕ್ಕಿನ ಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆವು. ಎರಡು ಕೊಕ್ಕೆಗಳಲ್ಲಿ ಗೆರೆ ಮೂಡಿತು. ಒಂದು ಕೂದಲಿನಷ್ಟು ಸಣ್ಣದು, ಇನ್ನೊಂದು ಬೆರಳಿನುದ್ದ. ಅವೆರಡನ್ನೂ ಅವರೆದುರಿನಲ್ಲೇ ಕತ್ತರಿಸಿ, ಹೊಸದನ್ನು ಮಾಡಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದು ಸಹಿ ಹಾಕಿದೆ. ಅವರೂ ಹಾಕಿದರು. ನೋಟ್‌ಬುಕ್ಕನ್ನು ಟೆಂಪೋದ ಡ್ಯಾಷ್‌ಬೋರ್ಡಿನಲ್ಲಿ ಇಟ್ಟುಕೊಂಡು ಹೋದರು. ಪರೀಕ್ಷೆಯ ಹಣ ಮಾತ್ರ ಇನ್ನೂ ಬಾಕಿಯಿದೆ.