ಯಂತ್ರದ ಮುಂದೆ ಕುಳಿತವನನ್ನು ನೋಡುವ ವಿದ್ಯೆ

ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಗಣಕಯಂತ್ರದ ಮುಂದೆ ತಬ್ಬಿಬ್ಬಾಗಿ ನಿಂತ ರೈತನನ್ನು ಕಂಡೊಡನೆ, ಇವನಿಗೆ ತಿಳಿವಳಿಕೆ ಸಾಲದೆಂದು ತೀರ್ಪು ಕೊಡುವುದು ನಮ್ಮ ವಿದ್ಯಾವಂತರಲ್ಲಿ ರೂಢಿಯಾಗಿಬಿಟ್ಟಿದೆ. ಇಂಥ ತೀರ್ಪನ್ನು ವಿಚಾರಣೆಯಿಲ್ಲದೆ ಕೊಡತಕ್ಕದ್ದಲ್ಲವೆಂದು ತೋರಿಸುವ ಶಾಸ್ತ್ರವೊಂದು ಬೆಳೆದು ನಿಂತಿದೆ. ಮನುಷ್ಯನಿಗೂ ಗಣಕಕ್ಕೂ ನಡೆಯುವ ವ್ಯವಹಾರವನ್ನು ಪರೀಕ್ಷಿಸುವುದೇ ಅದರ ಕಾರ್ಯ. ಯಂತ್ರಗಳನ್ನು ರೂಪಿಸುವ ನಮ್ಮ ತರುಣರು ಅದರ ಸಂಶೋಧನಾಕ್ರಮವನ್ನೂ ಕಲಿಯಬೇಕೆಂದು ನಾವು ಹೇಳುತ್ತೇವೆ.

ಇದರ ಬೇರು ಇಂದಿನ ಗಣಕಗಳಿಗಿಂತ ಹಳೆಯದು. 1947ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು, ವಿಮಾನ ಚಾಲಕರ ತಪ್ಪುಗಳೆಂದು ಹೆಸರಾದ 460 ಪ್ರಸಂಗಗಳನ್ನು ಸಂಗ್ರಹಿಸಿ ವಿಂಗಡಿಸಿದರು. ಸುಮಾರು ಅರ್ಧದಷ್ಟರಲ್ಲಿ ಚಾಲಕನು ಒಂದು ಹಿಡಿಯೆಂದು ಭಾವಿಸಿ ಮತ್ತೊಂದನ್ನು ಎಳೆದಿದ್ದನು. ಅಷ್ಟು ಜನ ಒಂದೇ ಬಗೆಯಾಗಿ ತಪ್ಪಿದರೆ ಹಿಡಿಗಳನ್ನು ಜೋಡಿಸಿದವನನ್ನೂ ಕೇಳಬೇಕಲ್ಲವೆ?

ಮುಂದೆ 1980ರ ದಶಕದಲ್ಲಿ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಲೂಸಿ ಸಚ್‌ಮನ್ ಎಂಬ ವಿದುಷಿಯು, ನಕಲು ತೆಗೆಯುವ ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ ಅವರ ಮಾತನ್ನೂ ಕೈಚಲನೆಯನ್ನೂ ಚಿತ್ರೀಕರಿಸಿದರು. ಇಬ್ಬರಿದ್ದರೆ ಸಂದೇಹವು ತಾನಾಗಿ ಬಾಯಿಂದ ಹೊರಡುತ್ತದೆ. ಮನುಷ್ಯನು ಮಾಡಿದ್ದರಲ್ಲಿ ಯಂತ್ರಕ್ಕೆ ಗೊತ್ತಾದದ್ದೆಷ್ಟು, ಗೊತ್ತಾಗದೆ ಹೋದದ್ದೆಷ್ಟು ಎಂಬುದನ್ನು ಅವರು ಬೇರೆಬೇರೆ ಅಂಕಣಗಳಲ್ಲಿ ಬರೆದಿಟ್ಟರು. ಹಾಗೆ ತೊಳಲಾಡಿದವರಲ್ಲಿ ಗಣಕಶಾಸ್ತ್ರದ ಧುರೀಣರಾದ ಅಲೆನ್ ನ್ಯೂವೆಲ್ ಅವರೂ ಇದ್ದರು! ಪಂಡಿತರ ಗತಿಯೇ ಹೀಗಾದರೆ ನಮ್ಮ ರೈತನನ್ನು ಹಳಿಯುವ ಬಾಯಿ ಎಲ್ಲಿಯದು?

ಆದರೆ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಪರೀಕ್ಷೆ ಬೇರೊಂದಿದೆ. 2012ರಲ್ಲಿ ಪ್ರಕಟವಾದ ಆ ವ್ಯಾಸಂಗಕ್ಕಾಗಿ ನಿಕೋಲಾ ಡೆಲ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನಲ್ಲಿ 450 ಸಂದರ್ಶನಗಳನ್ನು ನಡೆಸಿದರು. ಎರಡು ವಸ್ತುಗಳು ಸರ್ವಥಾ ಒಂದೇ ಆಗಿದ್ದರೂ, ಪ್ರಶ್ನೆ ಕೇಳುವವನೇ ತಯಾರಿಸಿದನೆಂದು ನಂಬಿದ ವಸ್ತುವನ್ನು ಮೆಚ್ಚುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಕೇಳುವವನು ದುಭಾಷಿಯನ್ನು ಕಟ್ಟಿಕೊಂಡು ಬಂದ ಪರದೇಶದವನಾದರೆ ಅದು ಐದು ಪಟ್ಟಿಗೆ ಏರಿತು. ಅವನ ವಸ್ತುವನ್ನು ಬೇಕೆಂದೇ ಕೆಡಿಸಿ ತೋರಿಸಿದಾಗಲೂ ಜನ ಅದನ್ನೇ ಮೆಚ್ಚಿದರು. ಮನೆಗೆ ಬಂದವರ ಮನಸ್ಸನ್ನು ನೋಯಿಸಬಾರದೆಂಬ ನಮ್ಮವರ ದಾಕ್ಷಿಣ್ಯವನ್ನು ಬಲ್ಲ ವಾಚಕರಿಗೆ ಇದೇನೂ ಸೋಜಿಗವಲ್ಲ. "ಬಹಳ ಚೆನ್ನಾಗಿದೆ ಸ್ವಾಮಿ" ಎಂಬ ಉತ್ತರವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿ, ಜನ ಒಪ್ಪಿದರೆಂದು ವರದಿ ಕಳುಹಿಸುವವರು ಮಾತ್ರ ಇದನ್ನು ಮನನ ಮಾಡತಕ್ಕದ್ದು. ಏಕೆಂದರೆ ಆ ವರದಿಯ ಬಲದ ಮೇಲೆಯೇ ಹಣ ವೆಚ್ಚವಾಗುತ್ತದೆ, ಕೆಟ್ಟ ಯಂತ್ರವು ತಾಲ್ಲೂಕು ತಾಲ್ಲೂಕಿಗೂ ಹೋಗಿ ಕೂರುತ್ತದೆ.

ಆದುದರಿಂದ ಯಂತ್ರವನ್ನು ಮಾಡಿದವನೇ ಅಭಿಪ್ರಾಯ ಕೇಳಲು ಹೋಗಬಾರದು. ಯಾವುದು ತನ್ನದೆಂಬ ಸುಳಿವನ್ನೂ ಕೊಡಬಾರದು. ಹೊಗಳಿಕೆಯನ್ನು ಬರೆದುಕೊಳ್ಳುವುದಕ್ಕಿಂತ ಕೈ ಎಲ್ಲಿ ತಡೆಯಿತೆಂಬುದನ್ನು ಬರೆದುಕೊಳ್ಳುವುದು ಮೇಲು. ಕೇಳುವವನಿಗೆ ಆ ಊರಿನ ಕನ್ನಡ ಬರಬೇಕೆಂಬುದನ್ನು ಭಾಷಾಭಿಮಾನದಿಂದ ಮಾತ್ರವೇ ಹೇಳುತ್ತಿಲ್ಲ. ಮೇಲಿನ ಅಂಕಿಗಳೂ ಅದೇ ಕಡೆಗೆ ಬೆರಳು ತೋರಿಸುತ್ತಿವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳವರು ವಿದ್ಯಾರ್ಥಿಗಳನ್ನು ವರ್ಷಕ್ಕೆ ಒಂದು ತಿಂಗಳಾದರೂ ತಾಲ್ಲೂಕು ಕಚೇರಿಯ ಪಹಣಿ ಕೊಡುವ ಕಿಟಕಿಯ ಬಳಿ, ಒಂದು ನೋಟುಬುಕ್ಕು ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡಿರೆಂದು ಕೂರಿಸಲಿ.